ಬ್ರೇಕಿನ ಡಿಸ್ಕಿಗೆ ತುಕ್ಕು: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

(ನಿಫಾಡಿನಲ್ಲಿ ಸೇರಿದ್ದ ಕನ್ನಡ ಹೊಟೆಲು ಕೆಲಸಗಾರರ ಮತ್ತು ವಾಹನ ಚಾಲಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮನ್ನು ಈ ಸಭೆಗೆ ಕರೆದಾಗ ಪಗಾರದ ವಿಚಾರವನ್ನೋ ರಜೆಯ ವಿಚಾರವನ್ನೋ ಹೇಳುವರೆಂದು ನೀವು ಎಣಿಸಿರಬಹುದು. ಆ ವಿಚಾರವನ್ನು ನಾವು ಬಿಟ್ಟಿಲ್ಲ. ಕೊನೆಗೆ ಅಲ್ಲಿಗೇ ಬರುತ್ತೇವೆ. ಆದರೆ ಇಂದು ಹಿಡಿದುಕೊಂಡು ಬಂದ ವಿಷಯ ಬೇರೆ. ವಾಹನದ ಬ್ರೇಕಿಗೆ ಹಿಡಿಯುವ ತುಕ್ಕು, ಅದೇ ನಮ್ಮ ವಿಷಯ. ಕಪ್ಪುಬಸಿ ತೊಳೆದವರಿಗೆ ಬ್ರೇಕಿನ ಉಸಾಬರಿ ಏಕೆ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇವೆ.

ನಾವು ಏಳನೆಯ ತರಗತಿ ಮುಗಿಸಿ, ತಾಯಿ ಕಟ್ಟಿಕೊಟ್ಟ ಚೀಲ ಹಿಡಿದು, ಊರವರೊಬ್ಬರ ಜೊತೆ ಮುಂಬಯಿ ಬಸ್ಸು ಹತ್ತಿದವರು. ಮೊದಲು ಬಸಿ ತೊಳೆದೆವು, ಮತ್ತೆ ಮೇಜು ಒರಸಿದೆವು, ಸಪ್ಲಾಯರಾದೆವು, ದೋಸೆ ಕಾವಲಿಯ ಮುಂದೆ ನಿಂತೆವು. ಅಲ್ಲಿಂದ ಸಂಘದ ಕೆಲಸಕ್ಕೆ ಬಂದೆವು. ಈ ಮುಂಬಯಿ–ಆಗ್ರಾ ಹೆದ್ದಾರಿಯ ಹೊಟೆಲುಗಳಲ್ಲಿ ದುಡಿದವರಿಗೆಲ್ಲ ಒಂದು ಮಾತು ಗೊತ್ತುಂಟು. ಪ್ರತಿ ಹೊಟೆಲಿನ ಹಿಂದೆ ಒಂದು ಪಿಕಪ್ಪು ನಿಂತಿರುತ್ತದೆ. ಬೆಳಗಿನ ನಾಲ್ಕಕ್ಕೆ ತರಕಾರಿ ತರುವುದು ಅದೇ, ಹಾಲು ತರುವುದು ಅದೇ, ಗ್ಯಾಸಿನ ಸಿಲಿಂಡರು ತರುವುದು ಅದೇ, ರಾತ್ರಿ ಹನ್ನೊಂದಕ್ಕೆ ಹುಡುಗರನ್ನು ಕೋಣೆಗೆ ಮುಟ್ಟಿಸುವುದೂ ಅದೇ. ಅದನ್ನು ನಡೆಸುವವನು ಒಬ್ಬನೇ. ಅವನೂ ಹೊಟೆಲು ಕೆಲಸಗಾರನೇ. ಅವನ ಹಿಂದೆ ಹಲಗೆ ಹಿಡಿದು ನಿಂತು ಬರುವವರೂ ಹೊಟೆಲು ಕೆಲಸಗಾರರೇ. ಆ ಬ್ರೇಕು ನಿಂತರೆ ನಾವು ಉಳಿದೆವು, ನಿಲ್ಲದಿದ್ದರೆ ಇಲ್ಲ. ಆದುದರಿಂದ ಅದು ನಮ್ಮ ಉಸಾಬರಿಯೇ ಸರಿ.

ಎರಡು ಸಂಗತಿಗಳನ್ನು ಹೇಳುತ್ತೇವೆ. ಎರಡೂ ನಮ್ಮ ಜೊತೆಯವರ ಮೇಲೆ ನಡೆದವು. ಧನಿಗಳ ಹೆಸರೂ ಬೇಡ, ಗ್ಯಾರೇಜಿನ ಹೆಸರೂ ಬೇಡ.

2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿತಷ್ಟೆ. ಹೊಟೆಲೂ ಮುಚ್ಚಿತು. ಪಿಕಪ್ಪು ಪಾತ್ರೆ ತೊಳೆಯುವ ಕಟ್ಟೆಯ ಪಕ್ಕದಲ್ಲಿ, ಹ್ಯಾಂಡ್‌ಬ್ರೇಕು ಎಳೆದ ಹಾಗೆಯೇ, ಒಂದು ಮಳೆಗಾಲ ಪೂರ್ತಿ ನಿಂತಿತು. ಮತ್ತೆ ಬಾಗಿಲು ತೆರೆದಾಗ ಹುಡುಗನು ಗಾಡಿ ಶುರುಮಾಡಿದ. ಗಾಡಿ ಅಲುಗಲಿಲ್ಲ. ಗೇರು ಹಾಕಿ ಹಿಂದಕ್ಕೂ ಮುಂದಕ್ಕೂ ತಳ್ಳಿದಾಗ 'ಟಪ್' ಎಂದು ಶಬ್ದವಾಗಿ ಚಕ್ರ ಬಿಟ್ಟಿತು. ಇಣುಕಿ ನೋಡಿದರೆ ಮುಂದಿನ ಡಿಸ್ಕು ಎರಡೂ ಕಾವಿ ಬಳಿದ ಹಾಗೆ ಕೆಂಪಗೆ. ಗ್ಯಾರೇಜಿನವರು, "ಡಿಸ್ಕು ಎರಡೂ ಹೋದವು, ಪ್ಯಾಡೂ ಹೋದವು, ಎಲ್ಲ ಹೊಸದು" ಎಂದು ಹೇಳಿ ಬಿಲ್ಲು ಬರೆದರು. ಧನಿಗಳು ಆ ಬಿಲ್ಲನ್ನು ಹುಡುಗನ ಪಗಾರದಲ್ಲಿ ತಿಂಗಳು ತಿಂಗಳು ಮುರಿದುಕೊಂಡರು. ಗಾಡಿ ನೋಡಿಕೊಳ್ಳದೆ ಊರಿಗೆ ಹೋದೆ ಎಂಬುದು ಅವನ ಮೇಲಿನ ಅಪರಾಧ. ಆಮೇಲೆ ಒಬ್ಬ ಮುದಿ ಮಿಸ್ತ್ರಿ ಆ ಹಳೆಯ ಡಿಸ್ಕುಗಳನ್ನು ಕೈಯಲ್ಲಿ ಹಿಡಿದು, ಬೆರಳು ಆಡಿಸಿ, ದಪ್ಪ ಅಳೆದು, "ಒಂದು ಸರಿಯಾಗಿಯೇ ಇತ್ತು ಮಗಾ. ಇನ್ನೊಂದನ್ನು ಲೇತಿಗೆ ಹಾಕಿ ಸಾಫು ಮಾಡಬಹುದಿತ್ತು" ಎಂದರು. ಹುಡುಗನ ಹಣ ಹೋಗಿಯಾಗಿತ್ತು.

ಎರಡನೆಯದು ಇದಕ್ಕೆ ತೀರ ವಿರುದ್ಧ. ಮಾರ್ಕೆಟಿನಿಂದ ಈರುಳ್ಳಿ ಚೀಲ ತರುತ್ತಿದ್ದ ಇನ್ನೊಬ್ಬ ತಮ್ಮನ ಗಾಡಿಯಲ್ಲಿ ಬ್ರೇಕು ಒತ್ತಿದರೆ ಕಬ್ಬಿಣದ ಮೇಲೆ ಕಬ್ಬಿಣ ಉಜ್ಜಿದ ಸದ್ದು. ಕೇಳಿದರೆ, "ಚಳಿಗಾಲದ ತುಕ್ಕಣ್ಣ, ನಾಲ್ಕು ಬ್ರೇಕಿಗೆ ಹೋಗುತ್ತದೆ" ಎಂದ. ನಾಲ್ಕು ಬ್ರೇಕಿಗೆ ಹೋಗಲಿಲ್ಲ, ನಾಲ್ಕು ದಿನಕ್ಕೂ ಹೋಗಲಿಲ್ಲ. ಧನಿಗಳಿಗೆ ಹೇಳಿದ, ಸೀಜನ್ನು ಮುಗಿಯಲಿ ಎಂದರು. ಒಂದು ಇಳಿಜಾರಿನಲ್ಲಿ, ಕೆಳಗೆ ಸಂತೆ ಸೇರಿರುವಾಗ, ಗಾಡಿ ನಿಲ್ಲಲಿಲ್ಲ. ಅವನು ಜನರ ಮೇಲೆ ಬಿಡದೆ ರಸ್ತೆಯ ಬದಿಯ ಮಣ್ಣಿನ ದಿಬ್ಬಕ್ಕೆ ನುಗ್ಗಿಸಿದ. ಯಾರೂ ಸಾಯಲಿಲ್ಲ. ಅವನ ಕಾಲು ಮುರಿಯಿತು. ಮೂರು ತಿಂಗಳು ಪಗಾರವಿಲ್ಲದೆ ಕೋಣೆಯಲ್ಲಿ ಮಲಗಿದ. ಚಕ್ರ ಬಿಚ್ಚಿದಾಗ ಡಿಸ್ಕಿನ ಹೊರಮೈ ಕನ್ನಡಿಯ ಹಾಗಿತ್ತು. ಒಳಮೈ ತುಕ್ಕಿನಿಂದ ಗುಳಿಬಿದ್ದು, ಪ್ಯಾಡು ಸವೆದು ತಗಡು ಮಾತ್ರ ಉಳಿದಿತ್ತು.

ಒಬ್ಬನು ಹೆದರಬೇಕಾಗಿಲ್ಲದ ತುಕ್ಕಿಗೆ ಹಣ ಕಳೆದುಕೊಂಡ. ಇನ್ನೊಬ್ಬನು ಹೆದರಬೇಕಾದ ತುಕ್ಕಿಗೆ ಹೆದರದೆ ಕಾಲು ಮುರಿದುಕೊಂಡ. ಇಬ್ಬರಿಗೂ ತುಕ್ಕು ತುಕ್ಕಿಗೂ ಇರುವ ಭೇದವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆ ಭೇದವನ್ನು ಹೇಳುವುದಕ್ಕೇ ಇಂದು ನಿಂತಿದ್ದೇವೆ. ನಾವು ಮಿಸ್ತ್ರಿಗಳಲ್ಲ. ಆದರೆ ಆ ಮುದಿ ಮಿಸ್ತ್ರಿಯ ಬಳಿ ಕುಳಿತು ಕೇಳಿದ್ದೇವೆ, ಓದಿಸಿ ತಿಳಿದುಕೊಂಡಿದ್ದೇವೆ, ಗಾಡಿಯ ಕೆಳಗೆ ಮಲಗಿ ನೋಡಿದ್ದೇವೆ.

ಮೊದಲು ತುಕ್ಕು ಎಂದರೇನು? ನಮ್ಮ ಭಟ್ಟರುಗಳನ್ನು ಕೇಳಿ, ಅವರಿಗಿಂತ ಚೆನ್ನಾಗಿ ಯಾರೂ ಹೇಳಲಾರರು. ದೋಸೆ ಕಾವಲಿಯನ್ನು ರಾತ್ರಿ ಸಾಬೂನು ಹಾಕಿ ತೊಳೆದು, ಒರಸದೆ ಬಿಟ್ಟರೆ, ಬೆಳಗ್ಗೆ ಏನಾಗಿರುತ್ತದೆ? ಕೆಂಪು ಹುಡಿ ಎದ್ದಿರುತ್ತದೆ. ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ, ಈ ಮೂರು ಒಂದೆಡೆ ಕೂಡಿದರೆ ತುಕ್ಕು ಹುಟ್ಟುವುದು. ಮೂರರಲ್ಲಿ ಒಂದನ್ನು ತಪ್ಪಿಸಿದರೆ ತುಕ್ಕಿಲ್ಲ. ಅದಕ್ಕೇ ಭಟ್ಟರು ಕಾವಲಿಗೆ ಎಣ್ಣೆ ಸವರಿ ಇಡುತ್ತಾರೆ. ಎಣ್ಣೆಯ ಪದರ ನೀರನ್ನೂ ಗಾಳಿಯನ್ನೂ ಕಬ್ಬಿಣಕ್ಕೆ ಮುಟ್ಟಗೊಡುವುದಿಲ್ಲ.

ಹಿತ್ತಾಳೆಗೂ ತಾಮ್ರಕ್ಕೂ ಕಿಲುಬು ಹಿಡಿಯುತ್ತದೆ, ಆದರೆ ಅದು ಮೈಗೆ ಅಂಟಿಕೊಂಡು ಒಳಗಿನ ಲೋಹವನ್ನು ಒಂದಿಷ್ಟು ಕಾಯುವುದು. ಕಬ್ಬಿಣದ ತುಕ್ಕು ಅಂಥದಲ್ಲ. ತುಕ್ಕಾದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಉಬ್ಬುತ್ತದೆ, ಬಿರಿಯುತ್ತದೆ, ಹೊಪ್ಪಳೆಯಾಗಿ ಉದುರುತ್ತದೆ. ಉದುರಿದ ಜಾಗದಲ್ಲಿ ಹೊಸ ಕಬ್ಬಿಣ ತೆರೆದುಕೊಳ್ಳುತ್ತದೆ. ಮತ್ತೆ ನೀರು, ಮತ್ತೆ ಗಾಳಿ. ಕೆಟ್ಟ ಸಾಲದ ಬಡ್ಡಿಯ ಹಾಗೆ ಅದು ತಾನಾಗಿ ನಿಲ್ಲುವುದಿಲ್ಲ. ದಿಲ್ಲಿಯ ಕಬ್ಬಿಣದ ಕಂಬ ಸಾವಿರದ ಆರುನೂರು ವರ್ಷ ನಿಂತಿದೆಯಲ್ಲ ಎಂದರೆ, ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಮೈಮೇಲೆ ಒಂದು ತೆಳುವಾದ ಕಾವಲು ಪದರ ಕಟ್ಟಿಕೊಂಡಿದೆ ಎಂದು ಬಲ್ಲವರು ಕಂಡುಕೊಂಡಿದ್ದಾರೆ. ನಮ್ಮ ಪಿಕಪ್ಪಿನ ಡಿಸ್ಕಿಗೆ ಆ ಭಾಗ್ಯವಿಲ್ಲ.

ಡಿಸ್ಕು ಎಂಬುದು ಸಾಮಾನ್ಯವಾಗಿ ಬೀಡು ಕಬ್ಬಿಣದ, ಅಂದರೆ ಎರಕದ ಕಬ್ಬಿಣದ ತಟ್ಟೆ. ಅದು ಚಕ್ರದ ಜೊತೆ ತಿರುಗುತ್ತದೆ. ಎರಡು ಪ್ಯಾಡುಗಳು ಇಕ್ಕಳದ ಹಾಗೆ ಎರಡು ಕಡೆಯಿಂದ ಅದನ್ನು ಹಿಡಿದಾಗ ಗಾಡಿ ನಿಲ್ಲುತ್ತದೆ. ಇಂಗ್ಲೆಂಡಿನ ಲ್ಯಾಂಚೆಸ್ಟರ್ ಎಂಬುವರು 1902ರಲ್ಲೇ ಇಂಥ ಬ್ರೇಕಿಗೆ ಪೇಟೆಂಟು ಪಡೆದಿದ್ದರು. 1953ರಲ್ಲಿ ಫ್ರಾನ್ಸಿನ ಲೆ ಮಾನ್ ಓಟದಲ್ಲಿ ಡಿಸ್ಕು ಬ್ರೇಕಿನ ಜಾಗ್ವಾರ್ ಕಾರು ಗೆದ್ದ ಮೇಲೆ ಲೋಕವೆಲ್ಲ ಅದರತ್ತ ತಿರುಗಿತು. ತುಕ್ಕು ಹಿಡಿಯದ ಉಕ್ಕಿನಲ್ಲಿ ಮಾಡಬಾರದಿತ್ತೆ ಎಂದು ಕೇಳಬಹುದು. ಬೈಕುಗಳಿಗೆ ಹಾಗೆಯೇ ಮಾಡುತ್ತಾರೆ. ನಿಮ್ಮ ಬೈಕಿನ ಡಿಸ್ಕು ಮಳೆಯಲ್ಲಿ ನಿಂತರೂ ಬೆಳ್ಳಗಿರುವುದು ಅದಕ್ಕೇ. ಆದರೆ ಭಾರ ಹೊರುವ ಗಾಡಿಗೆ ಬೀಡು ಕಬ್ಬಿಣವೇ ಒಳ್ಳೆಯದು. ನೂರು ಭಾಗದಲ್ಲಿ ಮೂರು ಭಾಗಕ್ಕಿಂತ ಹೆಚ್ಚು ಇಂಗಾಲ ಅದರಲ್ಲಿ ಇರುವುದು. ಆ ಇಂಗಾಲ ಸೀಸಕಡ್ಡಿಯ ಒಳಗಿನ ಕರಿಯ ಪದಾರ್ಥದ ಹಾಗೆ ಎಳೆ ಎಳೆಯಾಗಿ ಹರಡಿಕೊಂಡಿದ್ದು, ಬಿಸಿಯನ್ನು ಬೇಗ ಹರಡಿ ಬಿಟ್ಟುಕೊಡುತ್ತದೆ, ಅದುರನ್ನು ನುಂಗುತ್ತದೆ. ಬೆಲೆಯೂ ಕಡಿಮೆ. ಭಾರ ಹೇರಿ ಕಸಾರಾ ಘಾಟು ಇಳಿಯುವಾಗ ಡಿಸ್ಕು ನೂರಾರು ಡಿಗ್ರಿ ಕಾಯುತ್ತದೆ. ಆ ಕಾವನ್ನು ತಾಳುವುದಕ್ಕಾಗಿ ತುಕ್ಕನ್ನು ಸಹಿಸಿಕೊಂಡಿದ್ದಾರೆ, ಅಷ್ಟೆ.

ಇನ್ನೊಂದು ಕಷ್ಟವುಂಟು. ಕಾವಲಿಗೆ ಎಣ್ಣೆ ಸವರಬಹುದು, ಡಿಸ್ಕಿಗೆ ಸವರಬಾರದು. ಸವರಿದರೆ ತುಕ್ಕು ಹಿಡಿಯಲಿಕ್ಕಿಲ್ಲ, ಗಾಡಿಯೂ ನಿಲ್ಲಲಿಕ್ಕಿಲ್ಲ! ಉಜ್ಜುವುದರಿಂದಲೇ ಬ್ರೇಕು ಕೆಲಸ ಮಾಡುವುದು. ಒಬ್ಬ ಹುಡುಗನು ಧನಿಗಳ ಮೆಚ್ಚಿಗೆಗಾಗಿ ಡಿಸ್ಕಿನ ಕೆಂಪು ಹೋಗಲೆಂದು ಡೀಸೆಲ್ಲಿನ ಬಟ್ಟೆಯಿಂದ ಒರಸಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಪುಣ್ಯಕ್ಕೆ ಅಂಗಳದಲ್ಲೇ ಗೊತ್ತಾಯಿತು. ಎಣ್ಣೆ, ಗ್ರೀಸು, ಡೀಸೆಲ್ಲು ಇವುಗಳಲ್ಲಿ ಒಂದು ಹನಿಯೂ ಡಿಸ್ಕಿಗಾಗಲಿ ಪ್ಯಾಡಿಗಾಗಲಿ ತಾಗಕೂಡದು. ಪ್ಯಾಡು ಎಣ್ಣೆ ಕುಡಿದರೆ ಅದನ್ನು ಬಿಸಾಡಬೇಕಾಗುತ್ತದೆ. ಹೊಸ ಡಿಸ್ಕಿಗೆ ಅಂಗಡಿಯಲ್ಲಿ ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿರುವರು; ಅದನ್ನೂ ಬ್ರೇಕ್ ಕ್ಲೀನರಿನಿಂದ ಪೂರ್ತಿ ಒರಸಿಯೇ ಕೂಡಿಸಬೇಕು.

ಎಣ್ಣೆ ಸವರಕೂಡದಾದರೆ ಡಿಸ್ಕನ್ನು ಕಾಯುವವರಾರು? ನಡೆಸುವುದೇ ಕಾಯುವುದು. ಸಂದೇಹವಿದ್ದರೆ ಇಲ್ಲೇ ನಿಫಾಡ್ ಸ್ಟೇಷನ್ನಿಗೆ ಹೋಗಿ ನೋಡಿ. ಮುಂಬಯಿ–ಭುಸಾವಳ ಗಾಡಿಗಳು ಓಡುವ ಹಳಿಯ ನೆತ್ತಿ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಅದೇ ಹಳಿಯ ಪಕ್ಕೆ ಕಂದುಬಣ್ಣ. ಅಪರೂಪಕ್ಕೊಮ್ಮೆ ಗಾಡಿ ಬರುವ ಹಳಿಯಾದರೆ ನೆತ್ತಿಯೂ ಕಂದು. ಒಂದೇ ಉಕ್ಕು, ಒಂದೇ ಮಳೆ, ಒಂದೇ ಇಬ್ಬನಿ. ಚಕ್ರ ಉರುಳಿದಲ್ಲಿ ತುಕ್ಕಿಲ್ಲ, ಉರುಳದಲ್ಲಿ ತುಕ್ಕು. ಡಿಸ್ಕಿನ ಕಥೆಯೂ ಇದೇ. ಪ್ಯಾಡು ಉಜ್ಜುವ ಪಟ್ಟಿ ಹೊಳೆಯುತ್ತದೆ. ನಡುವಿನ ಟೋಪಿಯಂಥ ಭಾಗವೂ ಹೊರಗಿನ ಅಂಚೂ ಕಂದಾಗಿರುತ್ತವೆ. ಪ್ಯಾಡು ಮುಟ್ಟದ ಆ ಜಾಗದ ಮೇಲ್ಮೈ ತುಕ್ಕಿಗೆ ಹೆದರಬೇಕಾಗಿಲ್ಲ. ಅದನ್ನು ತೋರಿಸಿ "ಡಿಸ್ಕು ಹೋಯಿತು" ಎನ್ನುವವನಿದ್ದರೆ, ಅವನ ಅಂಗಡಿಯಿಂದ ಹೊರಗೆ ಬನ್ನಿ.

ಇನ್ನು ನಿಫಾಡಿನ ವಿಚಾರ. ಮಹಾರಾಷ್ಟ್ರದ ಚಳಿಯೆಂದರೆ ಪತ್ರಿಕೆಯವರು ಮೊದಲು ಬರೆಯುವುದು ಈ ಊರಿನ ಹೆಸರನ್ನೇ. ಕೆಲವು ವರ್ಷ ಇಲ್ಲಿಯ ಉಷ್ಣಮಾನ 5 ಡಿಗ್ರಿಗಿಂತ ಕೆಳಗೆ ಇಳಿದಿದೆ. ದ್ರಾಕ್ಷಿ ತೋಟದವರು ಬೆಳೆ ಕಾಯಲು ರಾತ್ರಿ ಬೆಂಕಿ ಹಾಕುತ್ತಾರೆ. ಗೋದಾವರಿಯೂ ಕಡವಾ ಹೊಳೆಯೂ ಕೂಡುವ ನಾಂದೂರ್ ಮಧ್ಯಮೇಶ್ವರದ ಕಡೆಗೆ ಬೆಳಗಿನ ಜಾವ ಹೋದವರಿಗೆ ಮಂಜು ಎಂದರೇನೆಂದು ಗೊತ್ತು. ರಾತ್ರಿ ತಣ್ಣಗಾದ ಕಬ್ಬಿಣದ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ತಣ್ಣೀರಿನ ಲೋಟದ ಹೊರಮೈ ಬೆವರುವುದಿಲ್ಲವೆ, ಹಾಗೆ. ಆದುದರಿಂದ ಮಳೆ ಬಾರದಿದ್ದರೂ ಬೆಳಗ್ಗೆ ಡಿಸ್ಕು ಕೆಂಪಾಗಿರಬಹುದು. ಒಂದೇ ರಾತ್ರಿಯಲ್ಲಿ ಹೀಗಾಯಿತೆಂದು ಗಾಬರಿ ಬೇಡ. ಅದು ಹುಡಿ ಮಾತ್ರ. ಗಾಡಿ ಹೊರಟು ನಾಲ್ಕಾರು ಸಲ ಬ್ರೇಕು ಒತ್ತಿದರೆ ಪ್ಯಾಡೇ ಅದನ್ನು ಕೆರೆದು ತೆಗೆಯುತ್ತದೆ. ಮೊದಲು 'ಸರ್ರ್' ಎಂದು ಸದ್ದಾಗಿ ಅಡಗುತ್ತದೆ. ಮೊದಲ ದೋಸೆ ಕಾವಲಿಗೆ ಅಂಟುವುದಿಲ್ಲವೆ? ಅದಕ್ಕಾಗಿ ಯಾರಾದರೂ ಕಾವಲಿ ಬದಲಿಸಿದ್ದುಂಟೆ?

ಆದರೆ ಈ ಸೀಮೆಯಲ್ಲಿ ಇಬ್ಬನಿಗಿಂತ ಕೆಟ್ಟದ್ದು ಒಂದುಂಟು. ನಮ್ಮ ಊರಿನ ಅಡಕೆ ತೋಟದಲ್ಲಿ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಂಡಿದ್ದೀರಿ. ದ್ರಾಕ್ಷಿ ತೋಟಕ್ಕೂ ಅದೇ ಮದ್ದು. ಮೈಲುತುತ್ತದ ನೀರಿಗೆ ಕಬ್ಬಿಣದ ಮೊಳೆ ಹಾಕಿ ನೋಡಿ. ಮೊಳೆಯ ಮೇಲೆ ತಾಮ್ರ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಗೊಬ್ಬರವೂ ಹೀಗೆಯೇ, ಬಹಳ ಗೊಬ್ಬರಗಳು ಒಂದು ಬಗೆಯ ಉಪ್ಪೇ. ತೋಟದವರ ಬಾಡಿಗೆಗೆ ಹೋಗುವ ನಮ್ಮ ತಮ್ಮಂದಿರು, ಮದ್ದಿನ ಡ್ರಮ್ಮು ಚೆಲ್ಲಿದರೆ, ಗೊಬ್ಬರದ ಚೀಲ ಒಡೆದರೆ, ಅಂದೇ ಸಂಜೆ ಚಕ್ರಕ್ಕೆ ಒಳ್ಳೆಯ ನೀರು ಹೊಡೆಯಬೇಕು. ಮಲ್ಪೆಯಿಂದ ಮೀನು ಹೊತ್ತ ಲಾರಿಗಳ ಅಡಿಭಾಗ ನೋಡಿದವರಿಗೆ ಉಪ್ಪುನೀರು ಕಬ್ಬಿಣವನ್ನು ಏನು ಮಾಡುತ್ತದೆಂದು ಹೇಳಬೇಕಾಗಿಲ್ಲ. ಮುಂಬಯಿಯ ಕಡಲ ಗಾಳಿಯೂ ಅದೇ ಜಾತಿ. ಕೆನಡಾದಂಥ ಹಿಮದ ದೇಶಗಳಲ್ಲಿ ರಸ್ತೆಯ ಹಿಮ ಕರಗಲೆಂದು ಉಪ್ಪನ್ನೇ ಎರಚುತ್ತಾರೆ; ಅಲ್ಲಿರುವ ನಮ್ಮವರ ಗಾಡಿಗಳ ಡಿಸ್ಕುಗಳು ನಮ್ಮವಕ್ಕಿಂತ ಬೇಗ ತಿಂದುಹೋಗುತ್ತವೆ.

ಈಗ ಮುಖ್ಯ ಮಾತಿಗೆ ಬರೋಣ. ಹೆದರಬೇಕಾದ ತುಕ್ಕು ಯಾವುದು? ಬರೆದುಕೊಳ್ಳುವವರು ಬರೆದುಕೊಳ್ಳಿ.

ಒಂದನೆಯದು, ಹೋಗದಿರುವ ತುಕ್ಕು. ಹತ್ತು ಹದಿನೈದು ನಿಮಿಷ ಗಾಡಿ ನಡೆಸಿ, ಹಲವು ಸಲ ಬ್ರೇಕು ಒತ್ತಿದ ಮೇಲೂ ಪ್ಯಾಡು ಉಜ್ಜುವ ಪಟ್ಟಿಯಲ್ಲಿ ಕಂದು ಗೆರೆ ಉಳಿದರೆ, ಅಲ್ಲಿ ಪ್ಯಾಡು ಸರಿಯಾಗಿ ಮುಟ್ಟುತ್ತಿಲ್ಲ ಎಂದು ಅರ್ಥ. ಅರ್ಧ ಡಿಸ್ಕು ಕೆಲಸ ಮಾಡುತ್ತಿದೆ, ಅರ್ಧ ರಜೆಯಲ್ಲಿದೆ.

ಎರಡನೆಯದು, ಬೆರಳಿಗೆ ಸಿಗುವ ತುಕ್ಕು. ಡಿಸ್ಕು ಪೂರ್ತಿ ತಣ್ಣಗಾದ ಮೇಲೆ ಬೆರಳು ಆಡಿಸಿ ನೋಡಿ. ನುಣ್ಣಗಿದ್ದರೆ ಸರಿ. ಗುಳಿ ಸಿಕ್ಕರೆ, ಹೊಪ್ಪಳೆ ಎದ್ದರೆ, ಅಂಚಿನಲ್ಲಿ ದಪ್ಪ ಏಣು ಕಟ್ಟಿದ್ದರೆ, ಮಿಸ್ತ್ರಿಗೆ ತೋರಿಸಬೇಕು. ಬಿಸಿಯಾಗಿರುವಾಗ ಮುಟ್ಟಬೇಡಿ, ಕಾವಲಿಯಲ್ಲಿ ಕೈ ಸುಟ್ಟುಕೊಂಡವರಿಗೆ ಹೆಚ್ಚು ಹೇಳುವುದಿಲ್ಲ.

ಮೂರನೆಯದು, ಅಡಗದ ಸದ್ದು. ಬೆಳಗಿನ 'ಸರ್ರ್' ಬೇರೆ. ದಿನವಿಡೀ ಕಬ್ಬಿಣ ಕಬ್ಬಿಣವನ್ನು ಅರೆಯುವ ಸದ್ದು ಬೇರೆ. ಎರಡನೆಯದು ಕೇಳಿದರೆ ಪ್ಯಾಡು ಮುಗಿದಿರಬಹುದು. ಪ್ಯಾಡಿನ ದಪ್ಪ 3 ಮಿಲಿಮೀಟರಿಗೆ ಬಂದರೆ ಬದಲಿಸುವ ಹೊತ್ತಾಯಿತು.

ನಾಲ್ಕನೆಯದು, ನಡುಕ. ಬಹಳ ದಿನ ನಿಂತ ಗಾಡಿಯಲ್ಲಿ ಪ್ಯಾಡು ಕುಳಿತ ಜಾಗದ ಅಚ್ಚು ಡಿಸ್ಕಿನ ಮೇಲೆ ಮೂಡಿರುತ್ತದೆ. ಬ್ರೇಕು ಒತ್ತಿದಾಗ ಸ್ಟೇರಿಂಗು ನಡುಗಿದರೆ, ಪೆಡಲು ಕಾಲನ್ನು ಎತ್ತಿ ಎತ್ತಿ ಹಾಕಿದರೆ, ಡಿಸ್ಕು ಒಂದೇ ಸಮವಾಗಿಲ್ಲ. ಕೆಲವು ದಿನದಲ್ಲಿ ಕಡಮೆಯಾದರೆ ಸರಿ, ಆಗದಿದ್ದರೆ ಲೇತು ಅಥವಾ ಹೊಸದು.

ಐದನೆಯದು, ಒಂದು ಕಡೆಗೆ ಎಳೆಯುವುದು, ಅಥವಾ ಒಂದೇ ಚಕ್ರ ವಿಪರೀತ ಕಾಯುವುದು, ಸುಟ್ಟ ವಾಸನೆ ಬರುವುದು. ಆಗ ತುಕ್ಕು ಡಿಸ್ಕಿನಲ್ಲಿ ಮಾತ್ರವಲ್ಲ, ಕ್ಯಾಲಿಪರಿನ ಪಿನ್ನಿನಲ್ಲೋ ಪಿಸ್ಟನ್ನಿನಲ್ಲೋ ಹಿಡಿದಿರಬಹುದು. ಪ್ಯಾಡು ಹೋಗಿ ಹಿಡಿಯುತ್ತದೆ, ಬಿಟ್ಟು ಬರುವುದಿಲ್ಲ. ಇಲ್ಲವೆ ಒಂದು ಪ್ಯಾಡು ದುಡಿಯುತ್ತದೆ, ಇನ್ನೊಂದು ಸುಮ್ಮನೆ ಕುಳಿತಿರುತ್ತದೆ. ನಮ್ಮ ತಮ್ಮನ ಕಾಲು ಮುರಿದ ಗಾಡಿಯಲ್ಲಿ ಆಗಿದ್ದುದು ಇಂಥದೇ. ಹೊರಮೈ ಮಾತ್ರ ನೋಡಿ ತೃಪ್ತಿಪಡಬೇಡಿ. ಒಳಮೈಯನ್ನು ಬ್ಯಾಟರಿ ಹಿಡಿದು ನೋಡಿ. ಮೋಸ ಇರುವುದು ಒಳಮೈಯಲ್ಲಿ.

ಆರನೆಯದು, ದಪ್ಪ. ಬಹುಮಟ್ಟಿಗೆ ಪ್ರತಿ ಡಿಸ್ಕಿನ ಮೇಲೆ ಅದು ಎಷ್ಟು ತೆಳುವಾಗಬಹುದು ಎಂಬ ಕನಿಷ್ಠ ಅಳತೆಯನ್ನು ಅಚ್ಚೊತ್ತಿರುತ್ತಾರೆ. ಸಾಮಾನ್ಯವಾಗಿ ಅದು ಹೊಸ ಡಿಸ್ಕಿಗಿಂತ ಸುಮಾರು 2 ಮಿಲಿಮೀಟರ್ ಕಡಮೆ ಇರುವುದು. ಅದಕ್ಕಿಂತ ತೆಳುವಾದರೆ, ಅಥವಾ ಬಿರುಕು ಕಂಡರೆ, ಎರಡನೆಯ ಮಾತಿಲ್ಲ. ಬದಲಿಸಲೇಬೇಕು, ಎಡಬಲ ಎರಡನ್ನೂ ಒಟ್ಟಿಗೆ. ಲೇತಿಗೆ ಹಾಕಿದ ಮೇಲೆಯೂ ಈ ಅಳತೆಗಿಂತ ಕೆಳಗೆ ಹೋಗಕೂಡದು. ಗ್ಯಾರೇಜಿನವನು "ಹೋಯಿತು" ಎಂದರೆ, "ಅಳೆದು ತೋರಿಸಿ" ಎನ್ನಿ. ಈ ಎರಡು ಮಾತು ಕಲಿತಿದ್ದರೆ ಆ ಮೊದಲ ಹುಡುಗನ ಹಣ ಉಳಿಯುತ್ತಿತ್ತು.

ಇನ್ನೆರಡು ಮಾತು ಡಿಸ್ಕಿನಾಚೆಗಿನವು, ಆದರೆ ಡಿಸ್ಕಿಗಿಂತ ದೊಡ್ಡವು. ನಮ್ಮ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಡ್ರಮ್ಮಿನ ತುಕ್ಕು ಕಣ್ಣಿಗೆ ಕಾಣುವುದಿಲ್ಲ, ಬಿಚ್ಚಿಯೇ ನೋಡಬೇಕು. ಗಾಡಿಯ ಅಡಿಯಲ್ಲಿ ಬ್ರೇಕ್ ಎಣ್ಣೆ ಹರಿಯುವ ಉಕ್ಕಿನ ಸಣ್ಣ ನಳಿಗೆಗಳಿವೆ. ಅವುಗಳಿಗೆ ಹೊಪ್ಪಳೆ ತುಕ್ಕು ಹಿಡಿದರೆ ಒಂದು ದಿನ ಒಡೆದು, ಪೆಡಲು ನೆಲಕ್ಕೆ ಇಳಿಯುತ್ತದೆ. ಡಿಸ್ಕಿನ ತುಕ್ಕು ಸದ್ದು ಮಾಡಿ ಹೇಳುತ್ತದೆ, ನಳಿಗೆಯ ತುಕ್ಕು ಹೇಳದೆ ಕೊಲ್ಲುತ್ತದೆ. ಬ್ರೇಕ್ ಎಣ್ಣೆಯಂತೂ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮಳೆಗಾಲದ ಉಪ್ಪಿನ ಭರಣಿಯ ಹಾಗೆ. ಡಾಟ್ 4 ಎಂಬ ಜಾತಿಯ ಎಣ್ಣೆ ಹೊಸದಿರುವಾಗ 230 ಡಿಗ್ರಿಯವರೆಗೂ ಕುದಿಯಬಾರದೆಂದು ನಿಯಮ. ತೇವ ಕುಡಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕಸಾರಾ ಘಾಟಿನ ಇಳಿಜಾರಿನಲ್ಲಿ ಎಣ್ಣೆ ಕುದಿದು ಆವಿಯಾದರೆ, ಪೆಡಲು ಹತ್ತಿಯ ಮೇಲೆ ಕಾಲಿಟ್ಟಂತಾಗುವುದು. ಎರಡು ವರ್ಷಕ್ಕೊಮ್ಮೆ ಈ ಎಣ್ಣೆ ಬದಲಿಸುವುದು ಕ್ಷೇಮ. ಇದೇ ಘಾಟಿನಲ್ಲಿ 37 ಅಡಿಗೆ ಒಂದು ಅಡಿ ಏರುವ ರೈಲು ದಾರಿಗೆ ಬೇರೆ ಎಂಜಿನ್ನುಗಳನ್ನೇ ಕಟ್ಟುತ್ತಾರೆ. ನಮಗೆ ಇರುವುದು ಗೇರು ಒಂದೇ. ತಗ್ಗಿನ ಗೇರಿನಲ್ಲಿ ಇಳಿಯಿರಿ, ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ಇಳಿಯಬೇಡಿ.

ಮಾಡಬೇಕಾದುದು ಬಹಳವಿಲ್ಲ. ಗಾಡಿ ತೊಳೆದ ಕೂಡಲೆ ನಿಲ್ಲಿಸಿಬಿಡಬೇಡಿ. ಅಂಗಳದಲ್ಲಿ ಒಂದು ಸುತ್ತು ಹೊಡೆದು, ಮೆಲ್ಲಗೆ ಬ್ರೇಕು ಒತ್ತಿ, ನೀರು ಆರಿಸಿ ನಿಲ್ಲಿಸಿ. ಊರಿಗೆ ಹೋಗುವಾಗ, ಬಹಳ ದಿನ ನಿಲ್ಲಿಸುವಾಗ, ಸಮನೆಲದಲ್ಲಿ ನಿಲ್ಲಿಸಿ, ಗೇರು ಹಾಕಿ, ಚಕ್ರಕ್ಕೆ ಮರದ ತುಂಡು ಕೊಟ್ಟು, ಹ್ಯಾಂಡ್‌ಬ್ರೇಕು ಬಿಟ್ಟಿಡಿ. ಉಳಿದವರು ವಾರಕ್ಕೊಮ್ಮೆಯಾದರೂ ಗಾಡಿಯನ್ನು ಸ್ವಲ್ಪ ಓಡಿಸಲಿ. ಬೆಳಗ್ಗೆ ಹೊರಡುವಾಗ ರಸ್ತೆಗೆ ಇಳಿಯುವ ಮೊದಲು ಅಂಗಳದಲ್ಲೇ ಎರಡು ಸಲ ಬ್ರೇಕು ಒತ್ತಿ ನೋಡಿ. ಹಾಲು ಒಡೆದಿದೆಯೇ ಎಂದು ಕಾಫಿಗೆ ಹಾಕುವ ಮೊದಲು ನೋಡುತ್ತೇವಲ್ಲವೆ? ಗಿರಾಕಿಯ ಕಾಫಿಗೆ ಇರುವ ಎಚ್ಚರ ನಮ್ಮ ಜೀವಕ್ಕೂ ಇರಲಿ.

ಈಚೆಗೆ ವಿದ್ಯುತ್ತಿನ ಗಾಡಿಗಳು ಬಂದಿವೆ. ಅವು ನಿಲ್ಲುವಾಗ ಬಹುಪಾಲು ಮೋಟಾರೇ ಎಳೆದು ಹಿಡಿಯುವುದರಿಂದ ಡಿಸ್ಕಿಗೆ ಕೆಲಸ ಕಡಮೆ, ತುಕ್ಕು ಹೆಚ್ಚು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿಯವರು ತಮ್ಮ ಐಡಿ 3 ಎಂಬ ವಿದ್ಯುತ್ ಕಾರಿನ ಹಿಂದಿನ ಚಕ್ರಕ್ಕೆ ಮತ್ತೆ ಮುಚ್ಚಿದ ಡ್ರಮ್ಮನ್ನೇ ಹಾಕಿದ್ದಾರೆ. ಕೆಲಸವಿಲ್ಲದೆ ಕುಳಿತರೆ ಕಬ್ಬಿಣವೂ ಕೆಡುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕೊನೆಗೆ, ಮೊದಲು ಹೇಳಿದ ಹಾಗೆ, ನಮ್ಮ ಹಕ್ಕಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 190ನೆಯ ಕಲಮು ಏನು ಹೇಳುತ್ತದೆ? ಅಪಾಯ ತರುವಂಥ ದೋಷವಿರುವ ಗಾಡಿಯನ್ನು, ದೋಷ ತಿಳಿದಿದ್ದೂ, ಅಥವಾ ಸಾಧಾರಣ ಎಚ್ಚರದಿಂದ ತಿಳಿಯಬಹುದಾಗಿದ್ದೂ, ರಸ್ತೆಯಲ್ಲಿ ನಡೆಸಿದವನೂ ತಪ್ಪಿತಸ್ಥ, ನಡೆಸಲು ಹೇಳಿದವನೂ ಬಿಟ್ಟವನೂ ತಪ್ಪಿತಸ್ಥ. ಈ ಮಾತಿಗೆ ಎರಡು ಬಾಯಿಯುಂಟು. ಒಂದು ನಮ್ಮ ಕಡೆಗೆ: "ನನಗೆ ಗೊತ್ತಿರಲಿಲ್ಲ" ಎಂದರೆ ನಡೆಯದು, ನೋಡಬೇಕಾದುದು ನಮ್ಮ ಕೆಲಸ. ಇನ್ನೊಂದು ಧನಿಗಳ ಕಡೆಗೆ: "ಸೀಜನ್ನು ಮುಗಿಯಲಿ" ಎಂದರೂ ನಡೆಯದು. ಆದುದರಿಂದ ದೋಷ ಕಂಡ ದಿನವೇ ಚೀಟಿಯಲ್ಲಿ ಬರೆದು, ತಾರೀಖು ಹಾಕಿ ಕೊಡಿ. ಫೋನಿನಲ್ಲಿ ಚಿತ್ರ ತೆಗೆದು ಕಳಿಸಿ. ಬರೆಯಲು ಬಾರದವರಿಗೆ ಸಂಘದವರು ಬರೆದುಕೊಡುತ್ತಾರೆ.

ಪಗಾರ ಮುರಿಯುವ ವಿಚಾರ ಇನ್ನೊಂದು. ಕೆಲಸಗಾರನ ಅಲಕ್ಷ್ಯದಿಂದಲೇ ನಷ್ಟವಾಯಿತೆಂದು ತೋರಿಸದೆ, ಅವನ ಸಮಜಾಯಿಷಿ ಕೇಳದೆ, ನಷ್ಟದ ಹೆಸರಿನಲ್ಲಿ ಪಗಾರ ಮುರಿಯಕೂಡದು ಎಂಬುದು 1936ರ ವೇತನ ಪಾವತಿ ಕಾಯ್ದೆಯಲ್ಲೇ ಬರೆದ ಮಾತು. 2019ರ ವೇತನ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ಮುಚ್ಚಿದ ಹೊಟೆಲಿನ ಹಿಂದೆ ಮಳೆಯಲ್ಲಿ ನಿಂತ ಡಿಸ್ಕಿಗೆ ತುಕ್ಕು ಹಿಡಿದುದು ಯಾರ ಅಲಕ್ಷ್ಯ? ಆ ಹುಡುಗನನ್ನು ಯಾರೂ ಕೇಳಲಿಲ್ಲ. ಅವನಿಗೂ ಹೇಳಲು ಬರಲಿಲ್ಲ. ನಾವೂ ಆಗ ಅವನ ಪಕ್ಕದಲ್ಲಿ ನಿಂತು ಬಾಯಿ ಮುಚ್ಚಿಕೊಂಡಿದ್ದೆವು. ತುಕ್ಕು ನಮ್ಮ ನಾಲಿಗೆಗೂ ಹಿಡಿದಿತ್ತು ಎಂದು ಒಪ್ಪಿಕೊಳ್ಳುತ್ತೇವೆ. ಆ ಹಣ ಅವನಿಗೆ ಮರಳಲಿಲ್ಲ. ಈ ಭಾಷಣವನ್ನು ಅವನ ಸಾಲವೆಂದು ತಿಳಿದೇ ಮಾಡುತ್ತಿದ್ದೇವೆ.

ಬಂಧುಗಳೆ, ನಾಳೆ ಬೆಳಗ್ಗೆ ಗಾಡಿ ತೆಗೆಯುವಾಗ ಡಿಸ್ಕು ಕೆಂಪಾಗಿದ್ದರೆ ಗಾಬರಿಯಾಗಬೇಡಿ. ಮೆಲ್ಲಗೆ ನಡೆಸಿ, ಬ್ರೇಕು ಒತ್ತಿ, ಕಿವಿಗೊಡಿ. ಸದ್ದು ಅಡಗಿದರೆ ದಾರಿ ಹಿಡಿಯಿರಿ. ಅಡಗದಿದ್ದರೆ ಗಾಡಿ ನಿಲ್ಲಿಸಿ, ಧನಿಗಳಿಗೆ ಚೀಟಿ ಬರೆಯಿರಿ, ಸಂಘಕ್ಕೆ ಫೋನು ಮಾಡಿ. ಒಬ್ಬರೇ ಹೇಳಲು ಹಿಂಜರಿದರೆ ನಾವು ಜೊತೆಗೆ ಬರುತ್ತೇವೆ.

 ಚಹಾ ಕಾದಿದೆ. ಇವತ್ತು ಬಡಿಸುವವರು ನಾವು, ನೀವು ಕುಳಿತುಕೊಳ್ಳಿ.